ಹೇಳಿಕೆಯೂ ಅಳತೆಯೂ

ಭೌತವಿಜ್ಞಾನದ ಪ್ರಯೋಗಶಾಲೆಗೆ ಮೊದಲ ದಿನ ಬರುವ ವಿದ್ಯಾರ್ಥಿಯ ಕೈಗೆ ನಾವು ಸಾಮಾನ್ಯವಾಗಿ ಕೊಡುವ ಉಪಕರಣ ಸ್ಕ್ರೂಗೇಜು. ತಂತಿಯೊಂದರ ದಪ್ಪವನ್ನು ಅಳೆಯಬೇಕು, ಕೆಲಸ ಸುಲಭ. ಹುಡುಗರು ಆತುರದಿಂದ ತಂತಿಯನ್ನು ಸಿಕ್ಕಿಸಿ, ತಿರುಪನ್ನು ತಿರುಗಿಸಿ, ಅಂಕಿಯನ್ನು ಬರೆದುಕೊಂಡುಬಿಡುತ್ತಾರೆ. ಆಗ ಅಧ್ಯಾಪಕನು ಕೇಳಬೇಕಾದ ಪ್ರಶ್ನೆ ಒಂದೇ: "ತಂತಿ ಇಲ್ಲದಿರುವಾಗ ಇದು ಏನನ್ನು ತೋರಿಸುತ್ತದೆ?" ಎರಡು ತುದಿಗಳೂ ಒಂದನ್ನೊಂದು ಮುಟ್ಟಿರುವಾಗ ಉಪಕರಣವು ಸೊನ್ನೆಯನ್ನು ತೋರಿಸಬೇಕು. ತೋರಿಸದಿದ್ದರೆ ಆ ಹೆಚ್ಚುಕಡಮೆಗೆ ಶೂನ್ಯದೋಷವೆಂದು ಹೆಸರು. ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಬರೆದ ಅಂಕಿ, ಎಷ್ಟೇ ಶ್ರದ್ಧೆಯಿಂದ ಬರೆದುದಾದರೂ, ತಪ್ಪು ಅಂಕಿಯೇ. ಅಳೆಯುವವನ ಸದುದ್ದೇಶವು ಉಪಕರಣದ ದೋಷವನ್ನು ಸರಿಪಡಿಸಲಾರದು.

ಈ ಪಾಠವನ್ನು ಇಲ್ಲಿ ನೆನೆಯುವುದಕ್ಕೆ ಕಾರಣ ಪ್ರಯೋಗಶಾಲೆಯ ಹೊರಗಿನ ಒಂದು ಸಂಗತಿ. ಎಂ.ಎಸ್‌ಸಿ. ತರಗತಿಯಲ್ಲಿ ನನ್ನೊಡನೆ ಓದಿದ ಗೆಳೆಯನೊಬ್ಬನು ಅಮೆರಿಕಕ್ಕೆ ಹೋಗಿ ಡಾಕ್ಟರೇಟ್ ಪಡೆದು, 2021ರಲ್ಲಿ ಅಲ್ಲಿಯ ವಿಶ್ವವಿದ್ಯಾನಿಲಯವೊಂದರ ಅಧ್ಯಾಪಕ ಹುದ್ದೆಗೆ ಅರ್ಜಿ ಹಾಕಿಕೊಂಡನು. ಸಂಶೋಧನೆಯ ವಿವರ, ಬೋಧನೆಯ ವಿವರ ಇವುಗಳ ಜೊತೆಗೆ ಮತ್ತೊಂದು ಪತ್ರವನ್ನೂ ಕೇಳಿದ್ದರು. ಬೇರೆಬೇರೆ ಜನಾಂಗ, ವರ್ಗ, ಹಿನ್ನೆಲೆಗಳಿಂದ ಬಂದವರಿಗೆ ವಿದ್ಯಾಲಯದಲ್ಲಿ ಸಮಾನ ಅವಕಾಶ ದೊರೆಯುವಂತೆ ನೀವು ಈವರೆಗೆ ಏನು ಮಾಡಿದ್ದೀರಿ, ಮುಂದೆ ಏನು ಮಾಡುವಿರಿ ಎಂಬುದನ್ನು ಅದರಲ್ಲಿ ಬರೆಯಬೇಕು. ಒಂದು ರಾತ್ರಿ ದೂರವಾಣಿಯಲ್ಲಿ ಮಾತನಾಡುತ್ತ ಅವನು, "ಸಂಶೋಧನೆಯದನ್ನು ಎರಡು ದಿನದಲ್ಲಿ ಬರೆದೆ. ಇದೊಂದು ಪುಟ ಹದಿನೈದು ದಿನದಿಂದ ಹಾಗೇ ಇದೆ. ಏನು ಬರೆಯಲಿ?" ಎಂದನು. "ಹಾಸ್ಟೆಲಿನಲ್ಲಿ ಕಿರಿಯರನ್ನು ಕೂರಿಸಿಕೊಂಡು ಎರಡು ವರ್ಷ ಲೆಕ್ಕ ಹೇಳಿಕೊಟ್ಟೆಯಲ್ಲ, ಅದನ್ನು ಬರೆ" ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದನ್ನೂ ಬರೆಯುತ್ತಾರೆಯೆ?" ಎಂದು ಕೇಳಿದನು.

ಅವನು ಬೇಸಾಯಗಾರರ ಮನೆಯವನು. ಆ ಮನೆಯಲ್ಲಿ ಕಾಲೇಜಿನ ಮೆಟ್ಟಿಲನ್ನು ಹತ್ತಿದವರಲ್ಲಿ ಮೊದಲಿಗನು. ಯಾರಿಗೆ ಬಾಗಿಲು ತೆರೆಯಲೆಂದು ಆ ಪತ್ರ ಹುಟ್ಟಿತೋ ಅಂಥವರಲ್ಲಿ ಒಬ್ಬನು. ಹುದ್ದೆ ಅವನಿಗೆ ಸಿಕ್ಕಲಿಲ್ಲ. ಅದಕ್ಕೆ ಆ ಪುಟವೇ ಕಾರಣವೆನ್ನಲು ನನ್ನಲ್ಲಿ ಆಧಾರವಿಲ್ಲ. ಆದುದರಿಂದ ಹಾಗೆ ಹೇಳುವುದೂ ಇಲ್ಲ. ಆದರೆ ಒಂದು ಪ್ರಶ್ನೆ ಮಾತ್ರ ನನ್ನ ಮನಸ್ಸಿನಲ್ಲಿ ಉಳಿಯಿತು: ಈ ಉಪಕರಣವು ಅಳೆಯುವುದಾದರೂ ಏನನ್ನು?

ಉಪಕರಣವನ್ನು ಪರೀಕ್ಷಿಸುವ ಮುನ್ನ ರೋಗ ನಿಜವೋ ಅಲ್ಲವೋ ಎಂಬುದನ್ನು ನೋಡೋಣ. ಅಮೆರಿಕದಲ್ಲಿ ಭೌತವಿಜ್ಞಾನದ ಡಾಕ್ಟರೇಟ್ ಪಡೆದ ಮೊದಲ ಕಪ್ಪು ಜನಾಂಗದವನು ಎಡ್ವರ್ಡ್ ಬೂಶೆ. 1876ರಲ್ಲಿ ಯೇಲ್ ವಿಶ್ವವಿದ್ಯಾನಿಲಯವು ಆತನಿಗೆ ಆ ಪದವಿಯನ್ನು ನೀಡಿತು. ವಕ್ರೀಭವನಾಂಕಗಳನ್ನು ಅಳೆಯುವ ಬಗೆ ಆತನ ಪ್ರಬಂಧದ ವಿಷಯ. ಆ ದೇಶದಲ್ಲಿ ಈ ಶಾಸ್ತ್ರದಲ್ಲಿ ಡಾಕ್ಟರೇಟ್ ಗಳಿಸಿದವರಲ್ಲಿ ಆತನು ಆರನೆಯವನು. ಅಂಥವನಿಗೂ ಮೈಬಣ್ಣದ ಕಾರಣದಿಂದ ವಿಶ್ವವಿದ್ಯಾನಿಲಯದಲ್ಲಿ ಸ್ಥಾನ ದೊರೆಯಲಿಲ್ಲ. ಫಿಲಡೆಲ್ಫಿಯದಲ್ಲಿ ಕಪ್ಪು ಮಕ್ಕಳಿಗಾಗಿ ಇದ್ದ ಶಾಲೆಯೊಂದರಲ್ಲಿ ಆತನು ಇಪ್ಪತ್ತೈದು ವರ್ಷಗಳಿಗೂ ಮೇಲ್ಪಟ್ಟು ಪಾಠ ಹೇಳಿದನು. ಸಂಶೋಧನೆಗೆ ಬೇಕಾದ ಪ್ರಯೋಗಶಾಲೆ ಆತನ ಪಾಲಿಗೆ ಬರಲೇ ಇಲ್ಲ.

ಇದು ಹಳೆಯ ಕಥೆಯೆಂದು ತಳ್ಳಿಹಾಕುವಂತಿಲ್ಲ. ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿಯವರೂ ಅವರ ಸಂಗಡಿಗರೂ 2017ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಅಮೆರಿಕದ 38 ಕಾಲೇಜುಗಳಲ್ಲಿ ಅತಿ ಶ್ರೀಮಂತರಾದ ಶೇಕಡ 1ರಷ್ಟು ಕುಟುಂಬಗಳಿಂದ ಬಂದ ವಿದ್ಯಾರ್ಥಿಗಳ ಸಂಖ್ಯೆಯು ಕೆಳಗಿನ ಶೇಕಡ 60ರಷ್ಟು ಕುಟುಂಬಗಳಿಂದ ಬಂದವರ ಸಂಖ್ಯೆಗಿಂತ ಹೆಚ್ಚಾಗಿತ್ತು. 2023ರಲ್ಲಿ ಅವರು ಇನ್ನೊಂದು ಅಂಶವನ್ನು ತೋರಿಸಿದರು. ಪ್ರವೇಶ ಪರೀಕ್ಷೆಯಲ್ಲಿ ಸರಿಸಮಾನ ಅಂಕ ಪಡೆದ ಇಬ್ಬರು ಮಕ್ಕಳಲ್ಲಿ, ಮಧ್ಯಮ ವರ್ಗದ ಮಗುವಿಗಿಂತ ಆ ಶೇಕಡ 1ರ ವರ್ಗದ ಮಗು ಹಾರ್ವರ್ಡ್, ಯೇಲ್ ಮೊದಲಾದ ಹನ್ನೆರಡು ಪ್ರತಿಷ್ಠಿತ ವಿದ್ಯಾಲಯಗಳಲ್ಲೊಂದನ್ನು ಸೇರುವ ಸಂಭವ ಎರಡರಷ್ಟಕ್ಕಿಂತ ಹೆಚ್ಚು. ಹಳೆಯ ವಿದ್ಯಾರ್ಥಿಗಳ ಮಕ್ಕಳೆಂಬ ಕಾರಣಕ್ಕೆ ದೊರೆಯುವ ಮನ್ನಣೆ ಇದಕ್ಕೆ ದೊಡ್ಡ ಕಾರಣಗಳಲ್ಲೊಂದು. ಅಧ್ಯಾಪಕರ ವಿಚಾರವೂ ಹೀಗೆಯೇ. ‘ನೇಚರ್’ ಪತ್ರಿಕೆಯಲ್ಲಿ 2022ರಲ್ಲಿ ಬಂದ ಒಂದು ಅಧ್ಯಯನದಂತೆ, ಅಮೆರಿಕದಲ್ಲೇ ಡಾಕ್ಟರೇಟ್ ಪಡೆದ ಅಧ್ಯಾಪಕರಲ್ಲಿ ಶೇಕಡ 80ರಷ್ಟು ಮಂದಿಯನ್ನು ತಯಾರುಮಾಡಿದವು ಸುಮಾರು ಶೇಕಡ 20ರಷ್ಟು ವಿಶ್ವವಿದ್ಯಾನಿಲಯಗಳು ಮಾತ್ರ. ಎಂಟರಲ್ಲಿ ಒಬ್ಬರು ಕೇವಲ ಐದು ವಿದ್ಯಾಲಯಗಳಿಂದ ಬಂದವರು. ಅದೇ ವರ್ಷದ ಇನ್ನೊಂದು ಅಧ್ಯಯನ ಹೇಳುವಂತೆ, ತಂದೆ ಅಥವಾ ತಾಯಿ ಡಾಕ್ಟರೇಟ್ ಪಡೆದಿರುವ ಸಂಭವ ಸಾಮಾನ್ಯ ಜನರಿಗಿಂತ ಅಧ್ಯಾಪಕರಲ್ಲಿ 25 ಪಟ್ಟಿನವರೆಗೂ ಹೆಚ್ಚು. ರೋಗ ನಿಜ, ಅದನ್ನು ಅಳೆದು ನೋಡಿಯೂ ಆಗಿದೆ.

ಇನ್ನು ಉಪಕರಣ. ‘ಡೈವರ್ಸಿಟಿ ಸ್ಟೇಟ್‌ಮೆಂಟ್’ ಎಂದು ಅಲ್ಲಿ ಕರೆಯುವ ಈ ಪತ್ರವನ್ನು ವೈವಿಧ್ಯದ ಹೇಳಿಕೆ ಎನ್ನಬಹುದು. ಇದರ ಬೀಜ ಒಳ್ಳೆಯದೇ. ಹಿಂದುಳಿದ ವಿದ್ಯಾರ್ಥಿಗಳ ಕೈಹಿಡಿದು ನಡೆಸುವ ಅಧ್ಯಾಪಕನ ಶ್ರಮವು ಬಡ್ತಿಯ ಸಮಯದಲ್ಲಿ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಪ್ರಬಂಧಗಳ ಸಂಖ್ಯೆಯನ್ನಷ್ಟೇ ಎಣಿಸುತ್ತಿದ್ದರು. ಈ ಅನ್ಯಾಯವನ್ನು ಕಂಡು 2005ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯವು, ವೈವಿಧ್ಯಕ್ಕೆ ನೆರವಾಗುವ ಕೆಲಸಕ್ಕೂ ನೇಮಕ ಮತ್ತು ಬಡ್ತಿಗಳಲ್ಲಿ ಮನ್ನಣೆ ಸಲ್ಲಬೇಕೆಂದು ತನ್ನ ನಿಯಮಗಳಲ್ಲಿ ಸೇರಿಸಿತು. ಮಾಡಿದ ಕೆಲಸಕ್ಕೆ ಮನ್ನಣೆ ಎಂಬ ಈ ನ್ಯಾಯವಾದ ಮಾತು ಮುಂದಿನ ವರ್ಷಗಳಲ್ಲಿ ಎಲ್ಲ ಅರ್ಜಿದಾರರೂ ಬರೆದುಕೊಡಬೇಕಾದ ಪ್ರತ್ಯೇಕ ಪತ್ರವಾಗಿ ಬೆಳೆಯಿತು. ಅನಂತರ ಆ ಪತ್ರಕ್ಕೆ ಅಂಕ ಕೊಡುವ ಪದ್ಧತಿಯೂ ಬಂದಿತು.

ಅದು ಎಲ್ಲಿಯವರೆಗೆ ಹೋಯಿತೆಂಬುದಕ್ಕೆ ಆ ವಿಶ್ವವಿದ್ಯಾನಿಲಯದ ಬರ್ಕ್ಲಿ ಶಾಖೆಯೇ ಸಾಕ್ಷಿ. 2018–19ರಲ್ಲಿ ಅಲ್ಲಿ ಜೀವವಿಜ್ಞಾನದ ಅಧ್ಯಾಪಕರ ನೇಮಕ ನಡೆದಾಗ ಕನಿಷ್ಠ ಅರ್ಹತೆಯುಳ್ಳ ಅರ್ಜಿದಾರರು 893 ಮಂದಿ. ಮೊದಲ ಸುತ್ತಿನಲ್ಲಿ ನೋಡಿದುದು ವೈವಿಧ್ಯದ ಹೇಳಿಕೆಯನ್ನು ಮಾತ್ರ. ಆ ಸುತ್ತನ್ನು ದಾಟಿದವರು 214 ಮಂದಿ. ಉಳಿದ 679 ಮಂದಿಯ ಸಂಶೋಧನೆಯನ್ನು ಆ ಹಂತದಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳಲೇ ಇಲ್ಲ. ಕೊನೆಗೆ ಉಳಿದವರ ಪಟ್ಟಿಯಲ್ಲಿ ಅಲ್ಪಸಂಖ್ಯಾತ ಜನಾಂಗದವರ ಪ್ರಮಾಣ ಹೆಚ್ಚಿತೆಂಬುದು ನಿಜ. ಪದ್ಧತಿಯನ್ನು ಸಮರ್ಥಿಸುವವರು ಇದನ್ನು ಎತ್ತಿ ತೋರಿಸುತ್ತಾರೆ, ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ಆದರೆ ಇದು ಕೆರೆಯ ತೂಬಿನ ಬಳಿ ನಿಂತು ನೀರನ್ನು ಬೇರೆ ಕಾಲುವೆಗೆ ತಿರುಗಿಸಿದಂತಾಯಿತೇ ಹೊರತು ಕೆರೆಗೆ ನೀರು ಹೆಚ್ಚು ಬಂದಂತಾಗಲಿಲ್ಲ. ಡಾಕ್ಟರೇಟ್ ಮುಗಿಸಿ ಅರ್ಜಿ ಹಾಕುವ ಹಂತಕ್ಕೆ ಬಂದವರಲ್ಲಿ ಯಾರನ್ನು ಆರಿಸಬೇಕೆಂಬುದು ಅಲ್ಲಿಯ ಪ್ರಶ್ನೆ. ಪದವಿ ತರಗತಿಯ ಮೊದಲ ವರ್ಷದಲ್ಲೇ ಗಣಿತಕ್ಕೆ ಹೆದರಿ ವಿಜ್ಞಾನವನ್ನು ಬಿಟ್ಟುಹೋದವನು ಆ ಅರ್ಜಿದಾರರ ನಡುವೆ ಇರುವುದೇ ಇಲ್ಲ.

ಇದಕ್ಕೆ ವಿರೋಧವೂ ಎದ್ದಿತು. ಅದೇ ವಿಶ್ವವಿದ್ಯಾನಿಲಯದ ಡೇವಿಸ್ ಶಾಖೆಯಲ್ಲಿ ಗಣಿತ ವಿಭಾಗದ ಮುಖ್ಯಸ್ಥೆಯಾಗಿದ್ದ ಅಬಿಗೇಲ್ ಥಾಂಪ್ಸನ್ 2019ರ ಡಿಸೆಂಬರಿನಲ್ಲಿ ಅಮೆರಿಕನ್ ಗಣಿತ ಸಂಘದ ಪತ್ರಿಕೆಯಲ್ಲಿ ಬರೆಯುತ್ತ, ಇದನ್ನು 1950ರ ರಾಜನಿಷ್ಠೆಯ ಪ್ರಮಾಣಪತ್ರಕ್ಕೆ ಹೋಲಿಸಿದರು. ಆ ವರ್ಷ ಕಮ್ಯೂನಿಸ್ಟರಲ್ಲವೆಂದು ಪ್ರಮಾಣಮಾಡಿ ಸಹಿ ಹಾಕಲು ಒಪ್ಪದ 31 ಅಧ್ಯಾಪಕರನ್ನು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯವು ಕೆಲಸದಿಂದ ತೆಗೆದುಹಾಕಿತ್ತು. ಅವರಲ್ಲಿ ಒಬ್ಬನು ಡೇವಿಡ್ ಸ್ಯಾಕ್ಸನ್ ಎಂಬ ಭೌತವಿಜ್ಞಾನಿ. 1952ರಲ್ಲಿ ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯವು ವಿಶ್ವವಿದ್ಯಾನಿಲಯದ ಆ ಪ್ರಮಾಣಕ್ಕೆ ಮಾನ್ಯತೆಯಿಲ್ಲವೆಂದು ತೀರ್ಪಿತ್ತಿತು. ಹೀಗೆ ಒಮ್ಮೆ ಹೊರಹಾಕಿಸಿಕೊಂಡ ಸ್ಯಾಕ್ಸನ್ 1975ರಲ್ಲಿ ಅದೇ ವಿಶ್ವವಿದ್ಯಾನಿಲಯಕ್ಕೆ ಅಧ್ಯಕ್ಷನಾದನು.

ಈ ಹೋಲಿಕೆಯನ್ನು ನಾನು ಪೂರ್ತಿಯಾಗಿ ಒಪ್ಪಲಾರೆ. ಅಂದಿನ ಪ್ರಮಾಣಪತ್ರ ಹುಟ್ಟಿದ್ದು ಜನರನ್ನು ಹೊರಗಟ್ಟುವುದಕ್ಕೆ. ಇಂದಿನ ಹೇಳಿಕೆ ಹುಟ್ಟಿದ್ದು ಹೊರಗೆ ನಿಂತವರನ್ನು ಒಳಗೆ ಕರೆಯುವುದಕ್ಕೆ. ಆದರೆ ಒಂದು ಅಂಶದಲ್ಲಿ ಹೋಲಿಕೆ ನಿಲ್ಲುತ್ತದೆ. ಕೆಲಸ ಬೇಕಾದವನಿಂದ ಬರೆಯಿಸಿಕೊಂಡ ಮಾತು ಅವನ ಮನಸ್ಸಿಗೆ ಸಾಕ್ಷಿಯಾಗಲಾರದು. ಹಸಿದವನನ್ನು ಅಡುಗೆ ಹೇಗಿದೆಯೆಂದು ಕೇಳಿದರೆ ಅವನು ಏನು ಹೇಳಿಯಾನು?

ಇಲ್ಲಿಯೇ ಉಪಕರಣದ ಶೂನ್ಯದೋಷ ಇರುವುದು. ಬರ್ಕ್ಲಿಯಲ್ಲಿ ಹೇಳಿಕೆಗೆ ಅಂಕ ಕೊಡುವಾಗ ಮೂರು ಭಾಗಗಳನ್ನು ನೋಡುತ್ತಿದ್ದರು: ವಿಷಯದ ತಿಳಿವಳಿಕೆ, ಹಿಂದೆ ಮಾಡಿದ ಕೆಲಸ, ಮುಂದಿನ ಯೋಜನೆ. ಮೂರಕ್ಕೂ ಆಧಾರ ಅರ್ಜಿದಾರನ ಸ್ವಂತ ಮಾತೇ. ಅವನು ಕಲಿಸಿದ ಹುಡುಗರು ಕಲಿತರೇ, ಉತ್ತೀರ್ಣರಾದರೇ, ವಿಜ್ಞಾನದಲ್ಲಿ ಉಳಿದರೇ ಎಂಬುದನ್ನು ಆ ಕಾಗದ ಹೇಳಲಾರದು. ಅದು ಖಚಿತವಾಗಿ ಅಳೆಯುವುದು ಒಂದನ್ನೇ: ಆ ಕಾಲದಲ್ಲಿ ಮೆಚ್ಚುಗೆ ಪಡೆದ ನುಡಿಗಟ್ಟಿನಲ್ಲಿ ತನ್ನನ್ನು ವರ್ಣಿಸಿಕೊಳ್ಳುವ ಚಾತುರ್ಯವನ್ನು. ಈ ಚಾತುರ್ಯ ಯಾರಲ್ಲಿ ಹೆಚ್ಚಾಗಿರುತ್ತದೆ? ದೊಡ್ಡ ವಿದ್ಯಾಲಯದಲ್ಲಿ ಓದಿ, ಬರೆದುದನ್ನು ತಿದ್ದಿಕೊಡಲು ಬಲ್ಲವರನ್ನು ಬಳಿಯಲ್ಲೇ ಪಡೆದವರಲ್ಲಿ. ನನ್ನ ಗೆಳೆಯನು ಮಾಡಬೇಕಾದ ಕೆಲಸವನ್ನು ಮಾಡಿದ್ದನು. ಅದಕ್ಕೆ ಹೆಸರಿದೆಯೆಂಬುದು ಅವನಿಗೆ ಗೊತ್ತಿರಲಿಲ್ಲ. ಹೆಸರು ಗೊತ್ತಿದ್ದು ಕೆಲಸ ಮಾಡದವನಿಗೆ ಅವನಿಗಿಂತ ಹೆಚ್ಚು ಅಂಕ ಬರುವ ಸಂಭವವಿದ್ದರೆ, ಅಸಮತೆಯನ್ನು ಅಳೆಯಹೊರಟ ಉಪಕರಣವೇ ಅದಕ್ಕೆ ತನ್ನ ಪಾಲನ್ನೂ ಕೂಡಿಸಿದಂತಾಗುವುದಿಲ್ಲವೆ?

ದೂರದವರ ತಪ್ಪನ್ನು ಎಣಿಸಿ ನಾನು ಸುಮ್ಮನಾಗುವಂತಿಲ್ಲ. ನಾನೂ ಇಂಥದೊಂದು ಹೇಳಿಕೆಯನ್ನು ಬರೆದವನೇ. ಕೆಲವು ವರ್ಷಗಳ ಹಿಂದೆ ನಮ್ಮ ಕಾಲೇಜಿನ ಮೌಲ್ಯಮಾಪನ ನಡೆಯಬೇಕಾಗಿದ್ದಾಗ ವರದಿಯ ಒಂದು ಭಾಗ ನನ್ನ ಪಾಲಿಗೆ ಬಂದಿತು. ಭಾಷೆ, ಪ್ರದೇಶ, ಆರ್ಥಿಕ ಸ್ಥಿತಿ ಮೊದಲಾದ ಭೇದಗಳಿದ್ದರೂ ಎಲ್ಲರನ್ನೂ ಒಳಗೊಳ್ಳುವ ವಾತಾವರಣಕ್ಕಾಗಿ ಕಾಲೇಜು ಮಾಡಿರುವ ಪ್ರಯತ್ನವನ್ನು ಐನೂರು ಪದಗಳಲ್ಲಿ ವಿವರಿಸಬೇಕಾಗಿತ್ತು. ಒಂದು ಸಂಜೆಯಲ್ಲಿ ಬರೆದು ಮುಗಿಸಿದೆ. ರಾಜ್ಯೋತ್ಸವದ ಚಿತ್ರಗಳನ್ನೂ ಹುಡುಗರು ತಮ್ಮತಮ್ಮ ಊರಿನ ಉಡುಪು ತೊಟ್ಟು ಬಂದ ದಿನದ ಚಿತ್ರಗಳನ್ನೂ ಅಂಟಿಸಿದೆ. ಬರೆದುದರಲ್ಲಿ ಸುಳ್ಳು ಒಂದೂ ಇರಲಿಲ್ಲ. ಅದೇ ತಿಂಗಳು ಕನ್ನಡ ಮಾಧ್ಯಮದಲ್ಲಿ ಓದಿ ಬಂದಿದ್ದ ಮೂವರು ಮೊದಲ ವರ್ಷದ ಭೌತವಿಜ್ಞಾನದ ತರಗತಿಯನ್ನು ಬಿಟ್ಟುಹೋಗಿದ್ದರು. ಅವರನ್ನು ಕುರಿತು ಬರೆಯಲು ಆ ವರದಿಯಲ್ಲಿ ಸ್ಥಳವಿರಲಿಲ್ಲ. ನಿಜ ಹೇಳಬೇಕೆಂದರೆ, ಸ್ಥಳವಿದ್ದಿದ್ದರೂ ಏನು ಬರೆಯಬೇಕೆಂಬುದು ನನಗೆ ತಿಳಿದಿರಲಿಲ್ಲ. ಅವರು ಏಕೆ ಬಿಟ್ಟರೆಂದು ನಾನು ಕೇಳಿರಲಿಲ್ಲ.

ಕೇಳಿದರೆ ಏನಾಗುತ್ತದೆ ಎಂಬುದಕ್ಕೆ ನಿದರ್ಶನ ದೊರೆಯುವುದು ಬರ್ಕ್ಲಿಯಲ್ಲಿಯೇ, ಈ ಹೇಳಿಕೆಗಳು ಹುಟ್ಟುವುದಕ್ಕೆ ಮೂವತ್ತು ವರ್ಷ ಮೊದಲು. 1970ರ ದಶಕದಲ್ಲಿ ಯೂರಿ ಟ್ರೀಸ್‌ಮನ್ ಎಂಬ ಯುವಕನು ಅಲ್ಲಿ ಗಣಿತದ ಸಂಶೋಧನ ವಿದ್ಯಾರ್ಥಿಯಾಗಿದ್ದನು. ಕಲನಶಾಸ್ತ್ರದ ಮೊದಲ ತರಗತಿಯಲ್ಲಿ ಕಪ್ಪು ವಿದ್ಯಾರ್ಥಿಗಳು ಹೆಚ್ಚು ಸಂಖ್ಯೆಯಲ್ಲಿ ಸೋಲುತ್ತಿದ್ದುದನ್ನೂ ಚೀನೀ ಮೂಲದ ವಿದ್ಯಾರ್ಥಿಗಳು ಚೆನ್ನಾಗಿ ಗೆಲ್ಲುತ್ತಿದ್ದುದನ್ನೂ ಆತನು ಕಂಡನು. ಕಾರಣವೇನೆಂದು ಅಧ್ಯಾಪಕರನ್ನು ಕೇಳಿದಾಗ ಸಿದ್ಧವಾದ ಉತ್ತರಗಳು ಬಂದವು: ಉತ್ಸಾಹ ಸಾಲದು, ಹಿಂದಿನ ತಯಾರಿ ಸಾಲದು, ಮನೆಯವರ ಒತ್ತಾಸೆಯಿಲ್ಲ, ಬಡತನ. ಟ್ರೀಸ್‌ಮನ್ ಈ ಉತ್ತರಗಳನ್ನು ನಂಬಲೂ ಇಲ್ಲ, ಅಲ್ಲಗಳೆಯಲೂ ಇಲ್ಲ, ನೋಡಲು ಹೊರಟನು. ಎರಡು ಗುಂಪುಗಳಿಂದಲೂ ಇಪ್ಪತ್ತಿಪ್ಪತ್ತು ವಿದ್ಯಾರ್ಥಿಗಳನ್ನು ಆರಿಸಿಕೊಂಡು, ಅವರು ಓದುವ ಸ್ಥಳಗಳಿಗೆ ತಾನೇ ಹೋಗಿ, ತಿಂಗಳುಗಟ್ಟಲೆ ಅವರ ಓದಿನ ರೀತಿಯನ್ನು ಗಮನಿಸಿದನು.

ನಾಲ್ಕು ಉತ್ತರಗಳೂ ನಿಲ್ಲಲಿಲ್ಲ. ಕಪ್ಪು ವಿದ್ಯಾರ್ಥಿಗಳು ಶ್ರದ್ಧೆಯಿಂದಲೇ ಓದುತ್ತಿದ್ದರು. ಮನೆಯವರ ಆಸೆಯೂ ದೊಡ್ಡದಾಗಿತ್ತು. ಆದರೆ ಅವರು ಒಬ್ಬೊಬ್ಬರೇ ಓದುತ್ತಿದ್ದರು. ಲೆಕ್ಕ ಬಿಡದೆ ನಿಂತಾಗ, ಕಷ್ಟ ಲೆಕ್ಕದ್ದೋ ತನ್ನದೋ ಎಂದು ತಿಳಿಯುವ ದಾರಿ ಅವರಿಗಿರಲಿಲ್ಲ. ಚೀನೀ ಮೂಲದವರು ಮೊದಲು ತಾವೇ ಲೆಕ್ಕ ಮಾಡಿ, ಸಂಜೆ ಗುಂಪುಗೂಡಿ, ಒಬ್ಬರ ಉತ್ತರವನ್ನು ಇನ್ನೊಬ್ಬರು ತಿದ್ದುತ್ತಿದ್ದರು. ಎಲ್ಲರಿಗೂ ಬಾರದ ಲೆಕ್ಕ ಕಷ್ಟದ ಲೆಕ್ಕವೆಂದು ಅವರಿಗೆ ಗೊತ್ತಾಗುತ್ತಿತ್ತು. ಟ್ರೀಸ್‌ಮನ್ ಮುಂದೆ ಆರಂಭಿಸಿದ ಅಭ್ಯಾಸಗೋಷ್ಠಿಗಳಲ್ಲಿ ದುರ್ಬಲರಿಗಾಗಿ ಸುಲಭ ಪಾಠವಿರಲಿಲ್ಲ. ತರಗತಿಯಲ್ಲಿ ಕೊಡುವುದಕ್ಕಿಂತ ಕಠಿಣವಾದ ಲೆಕ್ಕಗಳನ್ನು ಕೊಟ್ಟು ಕೂಡಿ ಬಿಡಿಸುವಂತೆ ಮಾಡಿದನು. ಹಾಗೆ ಕಲಿತ ಕಪ್ಪು ವಿದ್ಯಾರ್ಥಿಗಳೂ ಲ್ಯಾಟಿನ್ ಅಮೆರಿಕ ಮೂಲದ ವಿದ್ಯಾರ್ಥಿಗಳೂ ತಮ್ಮ ಜನಾಂಗದ ಇತರರನ್ನು ಮಾತ್ರವಲ್ಲದೆ ಬಿಳಿಯ ಸಹಪಾಠಿಗಳನ್ನೂ ಮೀರಿಸಿದರೆಂದು 1992ರಲ್ಲಿ ಪ್ರಕಟವಾದ ತನ್ನ ಲೇಖನದಲ್ಲಿ ಆತನು ತಿಳಿಸಿದ್ದಾನೆ.

ಮೇರಿಲ್ಯಾಂಡ್ ವಿಶ್ವವಿದ್ಯಾನಿಲಯದ ಬಾಲ್ಟಿಮೋರ್ ಕೌಂಟಿ ಶಾಖೆಯಲ್ಲಿ 1988ರಲ್ಲಿ ಆರಂಭವಾದ ಮೇಯರ್ಹಾಫ್ ವಿದ್ಯಾರ್ಥಿವೇತನದ ಯೋಜನೆ ಇದೇ ಹಾದಿಯದು. ಹಣದ ನೆರವಿನೊಡನೆ, ತರಗತಿ ಆರಂಭವಾಗುವ ಮುನ್ನ ಬೇಸಗೆಯ ತಯಾರಿ, ಗುಂಪಿನಲ್ಲಿ ಓದು, ಮೊದಲಿನಿಂದಲೇ ಸಂಶೋಧನೆಯ ಅನುಭವ: ಇಷ್ಟನ್ನೂ ಅದು ಒದಗಿಸುತ್ತದೆ. ಕೋವಿಡ್ ರೋಗದ ಲಸಿಕೆಯೊಂದರ ಸಿದ್ಧತೆಯಲ್ಲಿ ಮುಖ್ಯ ಪಾತ್ರ ವಹಿಸಿದ ಕಿಜ್ಮೇಕಿಯಾ ಕಾರ್ಬೆಟ್ ಆ ಯೋಜನೆಯಲ್ಲಿ ಬೆಳೆದವರು. ಈ ಎರಡು ಪ್ರಯತ್ನಗಳೂ ಕಾರಣವನ್ನು ಹುಡುಕಿ, ಮದ್ದನ್ನು ಕೊಟ್ಟು, ಗುಣವಾಯಿತೇ ಎಂದು ಅಳೆದು ನೋಡಿದವು. ವಿಜ್ಞಾನದ ವಿಭಾಗಗಳು ತಮ್ಮ ಮನೆಯ ವಿಚಾರದಲ್ಲಿ ವಿಜ್ಞಾನವನ್ನು ಬಳಸುವುದೆಂದರೆ ಇದೇ.

ಈಗ ಆ ದೇಶದಲ್ಲಿ ಗಾಳಿ ತಿರುಗಿದೆ. ಮಸಾಚುಸೆಟ್ಸ್ ತಂತ್ರವಿಜ್ಞಾನ ಸಂಸ್ಥೆಯು 2024ರ ಮೇ ತಿಂಗಳಲ್ಲಿ ಈ ಹೇಳಿಕೆಗಳನ್ನು ಕೈಬಿಟ್ಟಿತು. ಜೂನಿನಲ್ಲಿ ಹಾರ್ವರ್ಡಿನ ಕಲೆ ಮತ್ತು ವಿಜ್ಞಾನಗಳ ವಿಭಾಗವೂ, ಡಿಸೆಂಬರಿನಲ್ಲಿ ಮಿಶಿಗನ್ ವಿಶ್ವವಿದ್ಯಾನಿಲಯವೂ ಅದನ್ನೇ ಮಾಡಿದವು. 2025ರ ಮಾರ್ಚಿಯಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯವೇ ಹೇಳಿಕೆಯ ಕಡ್ಡಾಯವನ್ನು ತೆಗೆದುಹಾಕಿತು. ಇದನ್ನು ಕೇಳಿ ಹಲವರು ಸಂತೋಷಪಟ್ಟಿದ್ದಾರೆ. ದೋಷವುಳ್ಳ ಉಪಕರಣ ಹೋದುದಕ್ಕೆ ನನಗೂ ದುಃಖವಿಲ್ಲ. ಆದರೆ ಜ್ವರಮಾಪಕ ಕೆಟ್ಟಿದೆಯೆಂದು ಅದನ್ನು ಎಸೆದವನು ರೋಗಿಯ ಜ್ವರ ಇಳಿಯಿತೆಂದುಕೊಂಡರೆ ಅವನನ್ನು ವೈದ್ಯನೆನ್ನಲಾದೀತೆ? ಮೇಲಾಗಿ, ಅಲ್ಲಿ ಜ್ವರಮಾಪಕದೊಡನೆ ಮದ್ದಿನ ಸೀಸೆಗಳೂ ಹೋದವು. 2025ರ ಏಪ್ರಿಲಿನಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನವು ರದ್ದುಮಾಡಿದ ನೂರಾರು ಅನುದಾನಗಳಲ್ಲಿ, ಹಿಂದುಳಿದ ವಿದ್ಯಾರ್ಥಿಗಳು ವಿಜ್ಞಾನದಲ್ಲಿ ಏಕೆ ನಿಲ್ಲುವುದಿಲ್ಲವೆಂದು ಹುಡುಕುವಂಥವೂ ಅನೇಕವಿದ್ದವು. ಮಾತನ್ನು ಕೆಲಸವೆಂದು ಎಣಿಸಿದುದು ಒಂದು ತಪ್ಪು. ಆ ಮಾತಿನ ಮೇಲಣ ಕೋಪದಿಂದ ಕೆಲಸವನ್ನೂ ನಿಲ್ಲಿಸಿದುದು ಅದಕ್ಕಿಂತ ದೊಡ್ಡ ತಪ್ಪು.

ಹಾಗಾದರೆ ಕೇಳಬೇಕಾದುದೇನು? ಅರ್ಜಿದಾರನನ್ನು ಅವನ ನಂಬಿಕೆಯೇನೆಂದು ಕೇಳುವುದು ಬೇಡ. ಯಾರಿಗೆ ಕಲಿಸಿದೆ, ಅವರು ಏನಾದರು ಎಂದು ಕೇಳಲಿ, ಅದಕ್ಕೆ ಅವನ ಬರಹವೊಂದೇ ಸಾಕ್ಷಿಯಾಗದಿರಲಿ. ಅದಕ್ಕಿಂತ ಮುಖ್ಯವಾಗಿ, ಪ್ರಶ್ನೆ ಅರ್ಜಿದಾರನಿಗಿಂತ ಮೊದಲು ಸಂಸ್ಥೆಗೆ ಸಲ್ಲಲಿ. ಮೊದಲ ವರ್ಷ ಸೇರಿದವರೆಷ್ಟು, ಉಳಿದವರೆಷ್ಟು, ಹೋದವರು ಯಾವ ಮನೆಗಳವರು ಎಂಬುದನ್ನು ಪ್ರತಿಯೊಂದು ವಿಭಾಗವೂ ವರ್ಷವರ್ಷವೂ ಲೆಕ್ಕವಿಡಲಿ. ಸಿರಿವಂತರಿಗೆ ಹಿಂಬಾಗಿಲಾಗಿರುವ ಪದ್ಧತಿಗಳನ್ನು ಮುಚ್ಚಲಿ. ಹಳೆಯ ವಿದ್ಯಾರ್ಥಿಗಳ ಮತ್ತು ದಾನಿಗಳ ಮಕ್ಕಳಿಗೆ ಪ್ರಾಶಸ್ತ್ಯ ಕೊಡುವುದನ್ನು ಖಾಸಗಿ ಕಾಲೇಜುಗಳಲ್ಲಿಯೂ ನಿಷೇಧಿಸುವ ಶಾಸನಕ್ಕೆ 2024ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಅಂಕಿತ ಬಿದ್ದಿತು. ಅದಕ್ಕಾಗಿ ಯಾವ ಅಧ್ಯಾಪಕನೂ ಹೇಳಿಕೆ ಬರೆಯಬೇಕಾಗಲಿಲ್ಲ.

ನನ್ನ ಹಾಜರಿ ಪುಸ್ತಕದಲ್ಲಿ ಕಳೆದ ವರ್ಷದಿಂದ ಒಂದು ಅಂಕಣವನ್ನು ಹೆಚ್ಚಾಗಿ ಎಳೆದಿದ್ದೇನೆ: ಬಾರದವರು ಏಕೆ ಬಾರದಾದರು ಎಂಬುದು. ಇಂಗ್ಲಿಷ್ ಬಾರದು, ಲೆಕ್ಕ ಬಾರದು ಎಂಬ ಉತ್ತರಗಳನ್ನು ನಿರೀಕ್ಷಿಸಿದ್ದೆ. ಅವೂ ಬಂದವು. ಆದರೆ ಇಬ್ಬರು ಹುಡುಗಿಯರು ಪ್ರಯೋಗದ ತರಗತಿಯನ್ನು ಬಿಟ್ಟುದಕ್ಕೆ ಕಾರಣ ಬಸ್ಸು. ಪ್ರಯೋಗ ಐದು ಗಂಟೆಗೆ ಮುಗಿಯುತ್ತದೆ. ಅವರ ಊರಿನ ಕೊನೆಯ ಬಸ್ಸು ನಾಲ್ಕೂವರೆಗೆ ಹೊರಡುತ್ತದೆ. ಅವರನ್ನು ಬೆಳಗಿನ ತಂಡಕ್ಕೆ ಬದಲಾಯಿಸಿದೆವು. ಇಬ್ಬರೂ ಈಗ ಬರುತ್ತಿದ್ದಾರೆ. ನಾನು ಬರೆದ ಐನೂರು ಪದಗಳಲ್ಲಿ ಆ ಬಸ್ಸಿನ ಮಾತು ಎಲ್ಲಿಯೂ ಇರಲಿಲ್ಲ.